ಓಣಿಯ ವಹಿ: ತೀರಿಹೋದವರ ಬದುಕು ಬರೆದಿಡುವ ಬಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಯಾರಾದರೂ ತೀರಿಕೊಂಡರೆ ಮರುದಿನವೇ ಬಸ್‌ಸ್ಟ್ಯಾಂಡಿನ ಬಳಿ ಫ್ಲೆಕ್ಸ್ ಏಳುತ್ತದೆ. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ, ನಡುವೆ ದೊಡ್ಡ ಫೋಟೊ, ಕೆಳಗೆ ಶೋಕ ಸಲ್ಲಿಸುವವರ ಸಣ್ಣ ಫೋಟೊಗಳ ಸಾಲು. ಹೋದವರ ಬಗ್ಗೆ ಹೆಸರು ಮತ್ತು ತಾರೀಖು ಬಿಟ್ಟರೆ ಏನೂ ಇರುವುದಿಲ್ಲ. ಇದ್ದವರ ಬಗ್ಗೆ ಹುದ್ದೆ ಸಮೇತ ಎಲ್ಲ ಇರುತ್ತದೆ. ಮಳೆಗಾಲಕ್ಕೆ ಅದೇ ಫ್ಲೆಕ್ಸ್ ಕಣಿಕೆ ಬಣವೆಯ ಮೇಲೆ ಮಗುಚಿ ಬಿದ್ದು ನೀರು ತಡೆಯುತ್ತದೆ. ಅದರಲ್ಲಿ ತಪ್ಪೇನಿಲ್ಲ, ಫ್ಲೆಕ್ಸಿಗೆ ಅದಕ್ಕಿಂತ ಉಪಯುಕ್ತ ಕೆಲಸ ಸಿಗಲಾರದು.

ಸತ್ತ ದಿನ ಹುಡುಕಿದರೆ ಎಲ್ಲಾದರೂ ಸಿಗುತ್ತದೆ. ಆ ಮನುಷ್ಯ ಏನು ಮಾಡಿಕೊಂಡಿದ್ದ, ಓಣಿ ಅವನನ್ನು ಯಾವುದಕ್ಕೆ ನೆನೆಯುತ್ತಿತ್ತು ಎಂಬುದು ಮಾತ್ರ ಹಿರಿಯರೊಬ್ಬರು ಹೋದಾಗಲೆಲ್ಲ ಒಂದಿಷ್ಟು ಸವೆಯುತ್ತದೆ. ಇದನ್ನು ಬರೆದಿಡಲು ಸಾಹಿತಿ ಆಗಬೇಕಿಲ್ಲ. ಒಂದು ವಹಿ, ಒಂದು ಪೆನ್ನು ಮತ್ತು ಇನ್ನೊಬ್ಬರ ಕಟ್ಟೆಯ ಮೇಲೆ ಸುಮ್ಮನೆ ಕೂಡುವ ತಾಳ್ಮೆ ಇದ್ದರೆ ಆಯಿತು.

ಹಂತ 1: ಊರು ಬೇಡ, ಓಣಿ ಹಿಡಿಯಿರಿ

ಮೊದಲ ಸಲ ಬರೆಯುವವರು ಇಡೀ ಊರಿಗೆ ಕೈಹಾಕುತ್ತಾರೆ. ಊರಿಗೆ ಹೆಸರು ಹೇಗೆ ಬಂತು ಎಂಬ ಮುನ್ನುಡಿಗೇ ಸುಸ್ತಾಗಿ ನಿಲ್ಲುತ್ತಾರೆ. ನಿಮ್ಮ ಓಣಿ ಸಾಕು, ಅದೂ ಈಗ ಬದುಕಿರುವವರ ನೆನಪಿಗೆ ಎಟಕುವಷ್ಟು ಹಿಂದಕ್ಕೆ.

ಅಂಗಡಿಯವರು ಉದ್ರಿ ಬರೆದಿಡುವ ಉದ್ದನೆಯ, ಗಟ್ಟಿ ರಟ್ಟಿನ ವಹಿ ತನ್ನಿ. ಮೊದಲ ಹಾಳೆಯಲ್ಲಿ ಓಣಿಯ ನಕ್ಷೆ ಬರೆಯಿರಿ: ಅಗಸಿ ಎಲ್ಲಿ, ಗುಡಿ ಎಲ್ಲಿ, ಬಾವಿ ಎಲ್ಲಿತ್ತು, ಯಾವ ಮನೆಯ ಎದುರು ಯಾವ ಮನೆ. ಪ್ರತಿ ಮನೆಗೂ ಒಂದು ಅಂಕಿ ಕೊಡಿ. ಹಾಳು ಬಿದ್ದ ಮನೆಗೂ ಕೊಡಿ. ಗೋವಾಕ್ಕೋ ಮಂಗಳೂರಿಗೋ ಇಚಲಕರಂಜಿಗೋ ದುಡಿಯಲು ಹೋಗಿ ತಿರುಗಿ ಬರದವರ ಮನೆ ಅದು. ಅವರ ಹಿರಿಯರ ಬಗ್ಗೆ ಹೇಳಲು ಓಣಿಯಲ್ಲಿ ಮಕ್ಕಳಿಲ್ಲ, ಹಾಗಾಗಿ ಅವರ ಬಗ್ಗೆಯೇ ಮೊದಲು ಕೇಳಿ ಬರೆದುಕೊಳ್ಳಬೇಕು.

ಒಬ್ಬರಿಗೆ ಒಂದು ಹಾಳೆ. ಬಲಪುಟದಲ್ಲಿ ಬರೆಯಿರಿ, ಎದುರಿನ ಎಡಪುಟ ಖಾಲಿ ಬಿಡಿ. ಯಾಕೆಂದು ಕೊನೆಯ ಹಂತದಲ್ಲಿ ಹೇಳುತ್ತೇನೆ. ಫೋನಿನಲ್ಲಿ ಬರೆದುಕೊಳ್ಳುವ ಆಸೆ ಬಿಡುವುದು ಒಳ್ಳೆಯದು. ಫೋನ್ ತಿಕ್ಕುತ್ತ ಕೂತವನ ಮುಂದೆ ಯಾವ ಆಯಿಯೂ ಮನಸು ಬಿಚ್ಚುವುದಿಲ್ಲ.

ಹಂತ 2: ಹೆಸರು ಖಾತ್ರಿ ಮಾಡಿಕೊಳ್ಳಿ

ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗುವುದು ಇಲ್ಲೇ. ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿ. ಹಾಗಾಗಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಹೆಸರು ಬರುತ್ತದೆ. ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಒಬ್ಬನೇ ಅಜ್ಜನಾದರೆ ಒಂದೇ ಮನೆತನದಲ್ಲಿ ಮೂವರು ಸಂಗಪ್ಪ. “ಸಂಗಪ್ಪ ಭಾಳ ಚಲೋ ಮನಶ್ಯಾ ಇದ್ದ” ಎಂದು ಯಾರಾದರೂ ಹೇಳಿದರೆ ಹೊಗಳಿಕೆ ಬರೆದುಕೊಳ್ಳುವ ಮೊದಲು “ಯಾವ ಸಂಗಪ್ಪ?” ಎಂದು ಕೇಳಿ.

ಗುರುತಿಗೆ ನಾಲ್ಕು ಎಳೆ ಹಿಡಿಯಿರಿ: ಇಟ್ಟ ಹೆಸರು, ತಂದೆಯ ಹೆಸರು, ಊರು ಕರೆಯುತ್ತಿದ್ದ ಹೆಸರು, ಹೊಲ ಅಥವಾ ಕಸುಬು. ಮಡ್ಡಿ ಹೊಲದ ಸಂಗಪ್ಪ ಬೇರೆ, ಹೊಳಿಸಾಲಿನ ಸಂಗಪ್ಪ ಬೇರೆ, ಗಾಣದ ಸಂಗಪ್ಪ ಮೂರನೆಯವ. ಅಡ್ಡಹೆಸರಿನ ವಿಷಯದಲ್ಲಿ ನನ್ನ ನಿಯಮ ಸರಳ: ಆ ವ್ಯಕ್ತಿ ಕರೆದಾಗ ‘ಓ’ ಎನ್ನುತ್ತಿದ್ದ ಹೆಸರನ್ನು ಬರೆಯಿರಿ, ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ ಹೆಸರನ್ನು ಬಿಡಿ.

ಹೆಂಗಸರ ಹೆಸರಿಗೆ ಇನ್ನೂ ಸ್ವಲ್ಪ ಬೆವರು ಹರಿಸಬೇಕು. ಸೊಸೆಯಾಗಿ ಬಂದವಳನ್ನು ಓಣಿ ತವರೂರಿನಿಂದ ಕರೆಯುತ್ತದೆ: ಮುಧೋಳದಾಕಿ, ತೇರದಾಳದಾಕಿ. ಮಕ್ಕಳಾದ ಮೇಲೆ ಹಿರಿಮಗನ ಹೆಸರು ಹಿಡಿದು ‘ಇಂಥವನ ಅವ್ವ’ ಆಗುತ್ತಾಳೆ. ಸಾಯುವ ಹೊತ್ತಿಗೆ ತವರಲ್ಲಿ ಇಟ್ಟ ಹೆಸರು ರೇಶನ್ ಕಾರ್ಡಿನಲ್ಲಿ ಮಾತ್ರ ಇರುತ್ತದೆ, ಅದೂ ತಪ್ಪು ಕಾಗುಣಿತದಲ್ಲಿ. ಬೀಳಗಿ ತಾಲೂಕಿನ ಗಲಗಲಿಯಲ್ಲಿ ಹರಿದಾಸ ಪರಂಪರೆಯ ಹಾಡು ಕಟ್ಟಿದ ಹೆಣ್ಣುಮಗಳು ಕೂಡ ನಮಗೆಲ್ಲ ಗೊತ್ತಿರುವುದು ಗಲಗಲಿಯವ್ವ ಎಂದೇ. ಇಟ್ಟ ಹೆಸರು, ತವರು, ತಾಯಿಯ ಹೆಸರು, ಅಣ್ಣತಮ್ಮಂದಿರು ಇಷ್ಟನ್ನಾದರೂ ಹೆಣ್ಣುಮಕ್ಕಳ ಹಾಳೆಯಲ್ಲಿ ತುಂಬಿ. ತವರಿನವರು ಇನ್ನೂ ಹೋಗಿಬರುತ್ತಿದ್ದರೆ ಜಾತ್ರೆಗೆ ಬಂದಾಗ ಹಿಡಿದು ಕೇಳಿ.

ಹಂತ 3: ಇಸವಿ ಹಚ್ಚಿ

“ಯಾವಾಗ ತೀರಿಕೊಂಡರು?” ಎಂದರೆ ತಾರೀಖು ಬರುವುದಿಲ್ಲ. “ಕಾರಹುಣ್ಣಿಮಿ ಆಗಿ ಮೂರ್ ದಿನಕ್ಕ” ಎಂಬ ಉತ್ತರ ಬರುತ್ತದೆ. ಇದು ತಾರೀಖಿಗಿಂತ ಗಟ್ಟಿ. ಕಾರಹುಣ್ಣಿಮೆ ಎಂದರೆ ಜ್ಯೇಷ್ಠದ ಹುಣ್ಣಿಮೆ, ಸೀಗಿಹುಣ್ಣಿಮೆ ಆಶ್ವಯುಜದ್ದು, ಬನದ ಹುಣ್ಣಿಮೆ ಪುಷ್ಯದ್ದು, ಎಳ್ಳಮಾಸಿ ಮಾರ್ಗಶಿರದ ಅಮಾವಾಸ್ಯೆ. ಇಸವಿ ಒಂದು ಸಿಕ್ಕರೆ ಹಳೆಯ ಪಂಚಾಂಗ ನೋಡಿ ತಾರೀಖು ಕಟ್ಟಬಹುದು. ಈಗ ಮೊಬೈಲಿನ ಪಂಚಾಂಗವೇ ಹಿಂದಿನ ವರ್ಷಗಳಿಗೆ ಹೋಗುತ್ತದೆ. ಶಕ ವರ್ಷ ಹೇಳಿದರೆ ಎಪ್ಪತ್ತೆಂಟು ಕೂಡಿಸಿ. ಪುಷ್ಯದಿಂದೀಚೆಗೆ ಆದರೆ ಬಹುಪಾಲು ಎಪ್ಪತ್ತೊಂಬತ್ತು.

ಕಷ್ಟ ಇರುವುದು ಇಸವಿಯಲ್ಲಿ. ಅದಕ್ಕೆ ಊರ ಘಟನೆಗಳ ಒಂದು ಪಟ್ಟಿ ಮಾಡಿ ವಹಿಯ ರಟ್ಟಿನ ಒಳಬದಿಗೆ ಅಂಟಿಸಿಕೊಳ್ಳಿ. ವಯಸ್ಸು ಗೊತ್ತಿಲ್ಲದವರನ್ನು ಕೇಳುವಾಗ ಜನಗಣತಿಯವರೂ ಇದೇ ಉಪಾಯ ಮಾಡುತ್ತಾರೆ. ಗಾಂಧೀಜಿ ಹತ್ಯೆ 1948ರ ಜನವರಿಯಲ್ಲಿ, ಜಮಖಂಡಿ ಮತ್ತು ಮುಧೋಳದ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ಕರಗಿದ್ದೂ ಅದೇ ವರ್ಷ. ಏಕೀಕರಣ 1956. ಕೆಂಪು ಜೋಳ ತಿಂದ ಬರಗಾಲ 1972ರದು. ಇಂದಿರಾ ಗಾಂಧಿ ಹೋದದ್ದು 1984. ಚಿಕ್ಕಪಡಸಲಗಿಯ ಬ್ಯಾರೇಜ್ ಆಗಿದ್ದು 1989. ವಿಜಯಪುರ ಒಡೆದು ಬಾಗಲಕೋಟೆ ಜಿಲ್ಲೆಯಾದದ್ದು 1997. ದೊಡ್ಡ ಮಳೆ-ನೆರೆ 2009ರಲ್ಲಿ, ಕೃಷ್ಣೆ ಘಟಪ್ರಭೆಗಳು ಊರೊಳಗೆ ನುಗ್ಗಿದ್ದು 2019ರ ಆಗಸ್ಟಿನಲ್ಲಿ, ಆಮೇಲೆ ಕೊರೊನಾ. “ಬ್ಯಾರೇಜ್ ಆದಾಗ ಅಜ್ಜ ಇದ್ದನೇನು?” ಎಂದು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ. ಎರಡು ಘಟನೆಗಳ ನಡುವೆ ಸಾವನ್ನು ಹಿಡಿದಿಟ್ಟರೆ ಸಾಕು. ‘1984ರ ನಂತರ, 1989ಕ್ಕೆ ಮೊದಲು’ ಎಂದು ಬರೆದರೆ ಅವಮಾನವಿಲ್ಲ.

ಹುಟ್ಟಿದ ತಾರೀಖಿನ ಬಗ್ಗೆ ಒಂದು ಎಚ್ಚರಿಕೆ. ಶಾಲೆಯ ದಾಖಲೆ ನೋಡಿದರೆ ಅರ್ಧ ಓಣಿ ಜೂನ್ ಒಂದಕ್ಕೇ ಹುಟ್ಟಿದಂತಿರುತ್ತದೆ. ಅದು ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ ಕೊಟ್ಟ ಹುಟ್ಟುಹಬ್ಬ.

ಹಂತ 4: ಕಾಗದ ನೋಡಿ, ಆದರೆ ಪೂರ್ತಿ ನಂಬಬೇಡಿ

ಜನನ ಮರಣ ನೋಂದಣಿ ಕಾಯ್ದೆ 1969ರದು, ಜಾರಿಗೆ ಬಂದದ್ದು 1970ರಲ್ಲಿ. ಸಾವನ್ನು 21 ದಿನದೊಳಗೆ ತಿಳಿಸಬೇಕು, ತಡವಾದರೆ ದಂಡ, ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶವೇ ಬೇಕು. ಈಗ ಇ-ಜನ್ಮದಲ್ಲಿ ನಮೂದಾಗುತ್ತದೆ. ಹಿಂದಿನದು ಹಳೆಯ ರಜಿಸ್ಟರುಗಳಲ್ಲಿ. ಮನೆಯವರ ಹತ್ತಿರ ಮರಣ ಪ್ರಮಾಣಪತ್ರ ಇದ್ದರೆ ಅದನ್ನೇ ನೋಡಿ ತಾರೀಖು ಬರೆದುಕೊಳ್ಳಿ, ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಇನ್ನೊಂದು ಮೂಲ ಹೊಲದ ಕಾಗದ. ಉತಾರದ ಮೇಲೆ ಅಜ್ಜನ ಹೆಸರು ಹೋಗಿ ಮಕ್ಕಳ ಹೆಸರು ಬರಬೇಕಾದರೆ ವಾರಸಾ ಆಗಬೇಕು, ಅದಕ್ಕೆ ಹಕ್ಕು ಬದಲಾವಣೆಯ ಡೈರಿಯಲ್ಲಿ ಇಂಥವರು ಮಯತ ಆಗಿದ್ದಾರೆ, ಅಂದರೆ ತೀರಿಕೊಂಡಿದ್ದಾರೆ, ಎಂಬ ನಮೂದು ಬೀಳುತ್ತದೆ. ಹೆಣ್ಣುಮಕ್ಕಳ ಹೆಸರೂ ಕೆಲವೊಮ್ಮೆ ಅಲ್ಲೇ ಸಿಗುತ್ತದೆ. ಆದರೆ ಸತ್ತು ಹತ್ತಾರು ವರ್ಷಕ್ಕೆ, ಸಾಲ ಬೇಕಾದಾಗಲೋ ಪಾಲು ಆದಾಗಲೋ ವಾರಸಾ ಮಾಡಿಸಿದವರು ಬೇಕಾದಷ್ಟು ಜನ. ನಮೂದಿನ ಇಸವಿಯನ್ನೇ ಸಾವಿನ ಇಸವಿ ಎಂದುಕೊಂಡರೆ ಅಜ್ಜನಿಗೆ ಇಲ್ಲದ ಆಯುಷ್ಯ ಕೊಟ್ಟಂತಾಗುತ್ತದೆ. ಮತ್ತೆ, ಹೊಲವೇ ಇಲ್ಲದವನು ಈ ಡೈರಿಯಲ್ಲಿ ಸಾಯುವುದೂ ಇಲ್ಲ. ಕಬ್ಬು ಕಡಿದವರು, ಇನ್ನೊಬ್ಬರ ಮಗ್ಗದಲ್ಲಿ ನೇಯ್ದವರು, ಗಾಣದ ಒಲೆಗೆ ಉರಿ ಹಾಕಿದವರು ಇಲ್ಲಿ ಸಿಗುವುದಿಲ್ಲ.

1948ಕ್ಕಿಂತ ಹಿಂದಿನದು ಬೇಕಾದರೆ ನಿಮ್ಮ ಊರು ಯಾರ ಕೈಯಲ್ಲಿತ್ತು ಎಂದು ಮೊದಲು ತಿಳಿಯಬೇಕು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಮಹಾಲಿಂಗಪುರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು, ತೇರದಾಳ ಸಾಂಗಲಿಗೆ, ಬೀಳಗಿ ನೇರ ಬ್ರಿಟಿಷರ ವಿಜಯಪುರ ಜಿಲ್ಲೆಗೆ. ಸಂಸ್ಥಾನದ ಕಾಗದ ಬಹುಮಟ್ಟಿಗೆ ಮರಾಠಿ, ಮೋಡಿ ಲಿಪಿ. ಮನೆಯ ಟ್ರಂಕಿನಲ್ಲಿ ಅಂಥ ಹಾಳೆ ಸಿಕ್ಕರೆ ಫೋಟೊ ತೆಗೆದಿಟ್ಟುಕೊಳ್ಳಿ, ಓದುವವರು ಸಿಕ್ಕಾಗ ತೋರಿಸಿದರಾಯಿತು.

ಹಂತ 5: ಹೆಳವರು ಬಂದಾಗ ಮನೆಯಲ್ಲಿರಿ

ನೀವು ಶುರು ಮಾಡುತ್ತಿರುವ ಈ ಕೆಲಸವನ್ನು ತಲೆತಲಾಂತರದಿಂದ ಕಸುಬಾಗಿ ಮಾಡಿಕೊಂಡು ಬಂದವರು ಹೆಳವರು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು, ಈಗ ಬಸ್ಸಿಗೆ, ಬೈಕಿಗೆ ಬರುತ್ತಾರೆ. ಸುಗ್ಗಿ ಮುಗಿದ ಮೇಲೆ ಬಂದು, ಅಂಗಳದಲ್ಲಿ ನಿಂತು, ನಿಮ್ಮ ಮನೆತನ ಎಲ್ಲಿಂದ ಎದ್ದು ಎಲ್ಲಿಗೆ ಬಂತು, ಮೂಲಪುರುಷ ಯಾರು, ಅವನಿಗೆ ಎಷ್ಟು ಮಕ್ಕಳು, ಯಾವ ಕವಲು ಯಾವ ಊರಿಗೆ ಹೋಯಿತು ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಆಮೇಲೆ ವಹಿ ಬಿಚ್ಚಿ ಹೋದ ಸಲದಿಂದ ಈಚೆಗೆ ಹುಟ್ಟಿದವರು, ಮದುವೆಯಾದವರು, ಹೋದವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಕಾಳು, ಅರಿವೆ, ರೊಕ್ಕ ಅವರಿಗೆ ಸಲ್ಲುವ ಕಾಣಿಕೆ. ಹಿಂದೆ ಉಳ್ಳವರ ಮನೆಯಲ್ಲಿ ಆಕಳೂ ಕೊಡುತ್ತಿದ್ದರು.

ಅವರ ಎದುರು ವಿದ್ಯಾರ್ಥಿಯಾಗಿ ಕೂಡಿ. ಮೊದಲೇ ನೆಂಟರಿಗೆಲ್ಲ ಹೇಳಿ ಕರೆಸಿದರೆ ಕೇಳಿದ್ದನ್ನು ಅಲ್ಲೇ ತಾಳೆ ನೋಡಬಹುದು. ಧ್ವನಿ ದಾಖಲಿಸಿಕೊಳ್ಳುವುದಿದ್ದರೆ ಒಪ್ಪಿಗೆ ಕೇಳಿ. ಆ ವಹಿ ಅವರ ಹೊಟ್ಟೆಪಾಡು, ಪುಟಪುಟ ಫೋಟೊ ಹೊಡೆದುಕೊಳ್ಳುವುದು ಸರಿಯಲ್ಲ. ಕಾಣಿಕೆಯಲ್ಲಿ ಚೌಕಾಶಿ ಮಾಡಬೇಡಿ.

ಅವರ ವಹಿಗೂ ಅಂಚುಗಳಿವೆ. ಅಲ್ಲಿ ಹೆಚ್ಚಾಗಿ ನಡೆಯುವುದು ಗಂಡು ಸಂತತಿಯ ಎಳೆ. ಹೆಣ್ಣುಮಗಳು ಮದುವೆಯಾಗಿ ಹೊರಟಲ್ಲಿಗೆ ಅವಳ ಗೆರೆ ನಿಲ್ಲುತ್ತದೆ. ಹೆಳವರಿಂದ ಬಳ್ಳಿ ತೆಗೆದುಕೊಳ್ಳಿ; ಎಲೆ, ಹೂವು ನೀವು ಕೂಡಿಸಬೇಕು.

ಹಂತ 6: ಬದುಕು ಕೇಳುವುದು

ಇಲ್ಲಿಯವರೆಗೆ ಆದದ್ದು ಅಡಿಪಾಯ. ವಹಿ ಓದುವಂತಾಗುವುದು ಈ ಹಂತದಿಂದ.

ದಿನಕರ್ಮ ಮುಗಿಯದ ಮನೆಗೆ ಹೋಗಬೇಡಿ. ಮಣ್ಣಿಗೆ ಹೋದ ದಿನ ಕೇಳಿಸಿಕೊಳ್ಳುವುದಷ್ಟೇ ನಿಮ್ಮ ಕೆಲಸ. ಆದರೆ ಕಿವಿ ತೆರೆದಿರಲಿ: ಹೆಂಗಸರು ಹಾಡ್ಯಾಡಿ ಅಳುವಾಗ ಹೋದವರ ಇಡೀ ಬದುಕು ಅದರಲ್ಲಿ ಬಂದುಹೋಗುತ್ತದೆ, ಯಾರು ಕಷ್ಟಕ್ಕಾದರು, ಯಾರು ಆಗಲಿಲ್ಲ ಎಂಬುದೂ. ಅಲ್ಲಿ ಬರೆದುಕೊಳ್ಳಬೇಡಿ. ಮುಂದೆ ಏನು ಕೇಳಬೇಕೆಂಬುದಕ್ಕೆ ಅದೇ ದಾರಿ ತೋರಿಸುತ್ತದೆ.

“ಅವರು ಹೆಂಗಿದ್ರು?” ಎಂದು ಕೇಳಿದರೆ “ದೇವರಂಥವರು” ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಸಾಮಾನು ಹಿಡಿದು ಕೇಳಿ. ಅವರ ಕೈಯಲ್ಲಿ ಯಾವಾಗಲೂ ಏನಿರುತ್ತಿತ್ತು? ಬೆಳಿಗ್ಗೆ ಎದ್ದು ಮೊದಲು ಎಲ್ಲಿಗೆ ಹೋಗುತ್ತಿದ್ದರು? ಜಾತ್ರೆಯಲ್ಲಿ ಅವರ ಕೆಲಸ ಏನು? ರೊಟ್ಟಿ ಯಾವುದರ ಜತೆ ತಿನ್ನುತ್ತಿದ್ದರು? ಯಾರ ಜತೆ ಮಾತು ಬಿಟ್ಟಿದ್ದರು? ಕೊನೆಯದು ಸ್ವಲ್ಪ ಕೆದಕುವ ಪ್ರಶ್ನೆ, ಆದರೆ ಜನ ನಗುತ್ತ ಹೇಳುವ ಪ್ರಶ್ನೆಯೂ ಅದೇ.

ಸಾಮಾನಿನ ಬಲ ತಿಳಿಯಬೇಕಾದರೆ ಮುಧೋಳ ತಾಲೂಕಿನ ಹಲಗಲಿಯ ಲಾವಣಿ ನೆನೆಯಿರಿ. 1857ರಲ್ಲಿ ಕಂಪನಿ ಸರಕಾರ ಆಯುಧ ಒಪ್ಪಿಸಲು ಹೇಳಿದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂದು ಊರಿಗೆ ಬೆಂಕಿ ಹಚ್ಚಿತು, ಡಿಸೆಂಬರಿನಲ್ಲಿ ಜಡಗ, ಬಾಲ ಮೊದಲಾದವರನ್ನು ಗಲ್ಲಿಗೇರಿಸಿದರು. ಲಾವಣಿಕಾರ ಕಟ್ಟಿದ ಹಾಡನ್ನು ಮುಂದೆ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ, ಶಾಲೆಯ ಪುಸ್ತಕದಲ್ಲಿ ನಮ್ಮ ಮಕ್ಕಳು ಅದನ್ನೇ ಓದುತ್ತಾರೆ. ಶೂರರ ಹೆಸರು ಅದರಲ್ಲಿದೆ, ನಿಜ. ನನಗೆ ಹೆಚ್ಚು ತಟ್ಟುವುದು ದಂಡು ದೋಚಿದ ಸಾಮಾನಿನ ಪಟ್ಟಿ. ಹಾಲು ಬೆಣ್ಣೆ, ಜೀರಿಗೆ ಅರಿಶಿಣ, ಗಂಗಾಳ, ಬೀಸುಕಲ್ಲು, ಮಂಗಳಸೂತ್ರ. ಹೆಸರಿಲ್ಲದ ಹೆಂಗಸರು ಆ ಪಟ್ಟಿಯ ತುಂಬ ಇದ್ದಾರೆ. ಆ ಲಾವಣಿಕಾರನಿಂದ ಕಲಿಯಬೇಕಾದ್ದು ಅದು.

ದೊಡ್ಡವರ ವಿಷಯದಲ್ಲಿ ಹಾಳೆ ತಾನಾಗಿ ತುಂಬುತ್ತದೆ. ಸರಕಾರ ಕಟ್ಟದ ಒಡ್ಡನ್ನು ಕೃಷ್ಣೆಗೆ ರೈತರೇ ಕಟ್ಟಿದ ಚಿಕ್ಕಪಡಸಲಗಿಯ ಶ್ರಮಬಿಂದು ಸಾಗರ ಎಂದರೆ ಎಲ್ಲರಿಗೂ ಸಿದ್ದು ನ್ಯಾಮಗೌಡರು ನೆನಪಾಗುತ್ತಾರೆ. 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಸಂಸದರಾದದ್ದು, 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋದದ್ದು ಪತ್ರಿಕೆಗಳಲ್ಲೇ ಇದೆ. ನಿಮ್ಮ ವಹಿಗೆ ಬೇಕಾದವರು ಅಲ್ಲಿ ಕಲ್ಲು ಹೊತ್ತವರು, ವಂತಿಗೆ ಕೊಡಲು ಎಮ್ಮೆ ಮಾರಿದವರು ನಿಮ್ಮ ಓಣಿಯಲ್ಲಿ ಇದ್ದರೆ, ಅವರು.

ಹಾಳೆ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ. ಹೆಸರು, ಬದುಕು ಎರಡೂ ಕಲ್ಪಿತ:

“ಮನೆ 11. ಗಂಗವ್ವ, ಓಣಿಯಲ್ಲಿ ಗಲಗಲಿಯಾಕಿ. ಕಂಡಿಕಿ ಸುತ್ತುವ ಕೆಲಸ, ಮೂರು ಮನೆಯ ಮಗ್ಗಗಳಿಗೆ. ರಾಟಿ ಪಡಸಾಲೆಯ ಬಾಗಿಲಿಗೆ ಇಟ್ಟುಕೊಳ್ಳುತ್ತಿದ್ದಳು, ಹೋಗಿ ಬರುವವರನ್ನು ಮಾತಾಡಿಸಲು. ಲೆಕ್ಕ ಬರೆಯಲು ಬರುತ್ತಿರಲಿಲ್ಲ, ಗೋಡೆಗೆ ಇದ್ದಿಲಿನ ಗೆರೆ ಹಾಕುತ್ತಿದ್ದಳು. ಮಾಲೀಕರು ಆ ಗೆರೆಗೆ ಎದುರಾಡಲಿಲ್ಲ. ಬಾಣಂತಿ ಇರುವ ಮನೆಗೆ ಕರೆಯದೆ ಹೋಗುವಾಕಿ. ಮಸಾಲಿ ಖಾರ ಕುಟ್ಟುವಾಗ ಹಾಡುತ್ತಿದ್ದಳು, ದನಿ ಒಡಕು. ಹಿರಿಮಗಳ ಮದುವೆಗೆ ತೆಗೆದ ಸಾಲ ತೀರಿದ ವರ್ಷ ಸುಣ್ಣ ಹಚ್ಚಿಸಿದಳು, ಗೆರೆಗಳೂ ಹೋದವು. ತೀರಿಕೊಂಡದ್ದು ನಾಗರಪಂಚಮಿ ಮುಂದೆ, ನೆರೆ ಬರುವ ಹಿಂದಿನ ವರ್ಷ (2018). ಹೇಳಿದವರು: ಸೊಸೆ, ಎದುರು ಮನೆಯವರು.”

ಇಷ್ಟೇ. ಪುಣ್ಯಾತ್ಮಳು, ಕರುಣಾಮಯಿ, ಅಜಾತಶತ್ರು ಎಂಬ ಮಾತುಗಳು ಫ್ಲೆಕ್ಸಿನವರಿಗೆ ಇರಲಿ. ಯಾರು ಹೇಳಿದ್ದು ಎಂಬ ಕೊನೆಯ ಸಾಲನ್ನು ಮಾತ್ರ ಮರೆಯಬೇಡಿ.

ಹಂತ 7: ಬರೆಯದೆ ಬಿಡುವುದು

ಸಾವಿನ ಕಾರಣ ಮನೆಯವರು ತಾವಾಗಿ ಹೇಳಿ, ಬರೆಯಲು ಒಪ್ಪಿದರೆ ಮಾತ್ರ ಬರೆಯಿರಿ. ಸಾಲಕ್ಕೆ ಜೀವ ಕೊಟ್ಟ ನೇಕಾರರು, ರೈತರು ಈ ಭಾಗದಲ್ಲಿದ್ದಾರೆ. ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದು ಎಂದು ವರ್ಷಗಟ್ಟಲೆ ಕೇಳಿದ್ದೇವೆ, ಅದರಿಂದ ಹೋದವರ ಮಕ್ಕಳು ಇದೇ ಓಣಿಯಲ್ಲಿ ಬೆಳೆದಿದ್ದಾರೆ. ಅವರ ಹಾಳೆಯನ್ನು ಬಿಡಬೇಡಿ, ಬದುಕಿನ ಭಾಗ ತುಂಬಿ, ಕಾರಣದ ಜಾಗದಲ್ಲಿ ಏನೂ ಬೇಡ. ದೇವರಿಗೆ ಬಿಟ್ಟ ಹೆಣ್ಣುಮಗಳ ಹಾಳೆಯಲ್ಲಿ ಆ ಗುರುತು ಬೇಡ. ಅವಳೂ ಬಿತ್ತಿದ್ದಾಳೆ, ಕಳೆ ತೆಗೆದಿದ್ದಾಳೆ, ಮಕ್ಕಳನ್ನು ಓದಿಸಿದ್ದಾಳೆ.

ಸಾವಿಗೆ ಆಯಾ ಮನೆಯವರು ಆಡುವ ಮಾತನ್ನೇ ಬರೆಯಿರಿ. ಲಿಂಗೈಕ್ಯ ಎನ್ನುವವರಿದ್ದಾರೆ, ಶಿವಾಧೀನ ಎನ್ನುವವರಿದ್ದಾರೆ, ‘ಹ್ವಾದ್ರು’ ಎಂದಷ್ಟೇ ಹೇಳುವವರಿದ್ದಾರೆ. ಜಾಗವೂ ಬೇಕು: ಸ್ವಂತ ಹೊಲದ ಸಮಾಧಿಯೋ, ಊರ ರುದ್ರಭೂಮಿಯೋ, ಖಬರಸ್ತಾನವೋ. ಹೊಲ ಮಾರಿದ ಮೇಲೆ ಸಮಾಧಿ ಕಬ್ಬಿನ ನಡುವೆ ಮುಚ್ಚಿಹೋಗುತ್ತದೆ, ನಾಲ್ಕು ದಿಕ್ಕಿನ ಗುರುತು ಬರೆದಿಡಿ.

ಹಂತ 8: ಊರೇ ಮುಳುಗಿದ್ದರೆ

ಆಲಮಟ್ಟಿಯ ಹಿನ್ನೀರಿಗೆ ಹೋದ ಬೀಳಗಿ ತಾಲೂಕಿನ ಊರುಗಳವರು ಈ ಕ್ರಮವನ್ನು ತಿರುವುಮುರುವು ಮಾಡಬೇಕಾಗುತ್ತದೆ. ಪುನರ್ವಸತಿ ಕೇಂದ್ರದ ಓಣಿ ಹಳೆಯ ಓಣಿಯಲ್ಲ, ಪ್ಲಾಟ್ ಸಿಕ್ಕ ಹಾಗೆ ಜನ ಹಂಚಿಹೋಗಿದ್ದಾರೆ. ಹಳೆಯ ಊರಿನ ನಕ್ಷೆಯನ್ನು ಮೂರ್ನಾಲ್ಕು ಹಿರಿಯರನ್ನು ಕೂಡಿಸಿ, ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆಸಿ. ಜಗಳ ಆಗುತ್ತದೆ, ಆಗಲಿ; ಜಗಳದಲ್ಲೇ ಬಾವಿ ಸರಿಯಾದ ಜಾಗಕ್ಕೆ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ನಾಶವಾದ ಪೂರ್ವ ಯುರೋಪಿನ ಊರುಗಳ ಯಹೂದಿಗಳು, ದೇಶದೇಶಕ್ಕೆ ಚೆದುರಿದ ಮೇಲೂ, ತಮ್ಮ ತಮ್ಮ ಊರಿಗೊಂದು ಯಿಜ್ಕೋರ್ (ಸ್ಮರಣೆಯ) ಪುಸ್ತಕ ಮಾಡಿದರು. ಸತ್ತವರ ಹೆಸರಿನ ಜತೆ ನೆನಪಿನಿಂದ ಬರೆದ ಬೀದಿಯ ನಕ್ಷೆಯೂ ಅಂಥ ಅನೇಕ ಪುಸ್ತಕಗಳಲ್ಲಿದೆ. ಅವರ ದುಃಖ ಬೇರೆ ತೂಕದ್ದು, ಕೆಲಸದ ಕ್ರಮ ಮಾತ್ರ ನಮಗೂ ಒದಗುತ್ತದೆ.

ಹಂತ 9: ಓದಿ ತೋರಿಸಿ

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಿ ಎಲ್ಲರೂ ಸೇರಿರುತ್ತಾರೆ, ದುಡಿಯಲು ಹೋದವರೂ ಬಂದಿರುತ್ತಾರೆ. ಆ ಮನೆಯ ಹಾಳೆಗಳನ್ನು ಅವರ ಪಡಸಾಲೆಯಲ್ಲೇ ಗಟ್ಟಿಯಾಗಿ ಓದಿ. “ಹಂಗಲ್ಲೋ ತಮ್ಮಾ, ಅದು ನಮ್ಮ ದೊಡ್ಡಪ್ಪ” ಎಂಬ ದನಿ ಒಂದಾದರೂ ಏಳುತ್ತದೆ. ತಿದ್ದುಪಡಿಯನ್ನು ಖಾಲಿ ಬಿಟ್ಟ ಎಡಪುಟದಲ್ಲಿ ಬರೆದುಕೊಳ್ಳಿ, ಹೇಳಿದವರ ಹೆಸರು ಸಮೇತ. ಬಲಪುಟದ ಮಾತನ್ನು ಹೊಡೆದು ಹಾಕಬೇಡಿ. ಇಬ್ಬರು ಮಕ್ಕಳಿಗೆ ಅಪ್ಪ ಎರಡು ಥರ ನೆನಪಿದ್ದರೆ ಎರಡೂ ಇರಲಿ.

ಮೂರು ಜೆರಾಕ್ಸ್ ಪ್ರತಿ ಮಾಡಿಸಿ. ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಒಂದು ಶಾಲೆಗೆ, ಒಂದು ಊರು ಬಿಟ್ಟು ಹೊರಗಿರುವ ಯಾರಾದರೂ ನೆಂಟರಲ್ಲಿಗೆ. ಹೊಳೆದಂಡೆಯ ಊರಾದರೆ ಮೂಲ ವಹಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. 2019ರಲ್ಲಿ ಟ್ರಂಕಿನ ಕಾಗದ ಒದ್ದೆಯಾದ ಮನೆಗಳು ಬಹಳ. ಆಮೇಲೆ ಪಕ್ಕದ ಓಣಿಯವರು ‘ನಮ್ಮದೂ ಬರಿ’ ಎಂದು ಕರೆಯುತ್ತಾರೆ. ನೀವು ಹೋಗಬೇಡಿ. ಆ ಓಣಿಯ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಕೂಡಿಸಿಕೊಂಡು ನಕ್ಷೆ ಬರೆಯುವುದು ಹೇಗೆಂದು ತೋರಿಸಿ, ಒಂದು ಹೊಸ ವಹಿ ಕೈಗೆ ಕೊಡಿ.